ಇ-ಮೇಲ್‌ನಲ್ಲಿ ಕಾಣೆಯಾದ ಕಾಗುಣಿತ ಪರಿಶೀಲಕ: ಕಾರಣ ಮತ್ತು ಪರಿಹಾರ

ದರಪಟ್ಟಿ ಕಳುಹಿಸುವುದರಿಂದ ಹಿಡಿದು ಸರಕು ರವಾನೆಯ ಸೂಚನೆಯವರೆಗೆ ಹೊರರಾಜ್ಯ ಹಾಗೂ ವಿದೇಶಗಳ ಗ್ರಾಹಕರೊಂದಿಗಿನ ಪತ್ರವ್ಯವಹಾರ ಬಹುಮಟ್ಟಿಗೆ ಇ-ಮೇಲ್ ಮೂಲಕ, ಅದೂ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಣ್ಣ ಉದ್ದಿಮೆಗಳಲ್ಲಿ ಇದಕ್ಕೆಂದು ಪ್ರತ್ಯೇಕ ವಿಭಾಗವಿರುವುದಿಲ್ಲ. ಲೆಕ್ಕಪತ್ರ ನೋಡುವವರೇ ಪತ್ರವನ್ನೂ ಬರೆಯುತ್ತಾರೆ. ಅಂತಹ ಕಡೆ ತಪ್ಪು ಪದದ ಕೆಳಗೆ ಮೂಡುವ ಕೆಂಪು ಗೆರೆಯೇ ಕರಡು ತಿದ್ದುವ ಗುಮಾಸ್ತ. ಗಣಕಯಂತ್ರ ಬದಲಿಸಿದಾಗಲೋ ತಂತ್ರಾಂಶದ ಹೊಸ ಆವೃತ್ತಿ ಅಳವಡಿಸಿದಾಗಲೋ ಈ ಗುಮಾಸ್ತ ಹೇಳದೆ ಕೇಳದೆ ರಜೆ ಹಾಕುವುದುಂಟು. ಯಾವ ಎಚ್ಚರಿಕೆಯೂ ಬಾರದಿರುವುದರಿಂದ, ಕೆಂಪು ಗೆರೆ ಇಲ್ಲವೆಂದರೆ ತಪ್ಪೂ ಇಲ್ಲವೆಂದು ಭಾವಿಸಿ ಪತ್ರವನ್ನು ಕಳುಹಿಸಿಬಿಡುವ ಅಪಾಯವಿದೆ.

ಪರಿಶೀಲಕವು ಇ-ಮೇಲ್ ತಂತ್ರಾಂಶದ ಅವಿಭಾಜ್ಯ ಅಂಗವೆಂಬ ಭಾವನೆ ಸಾಮಾನ್ಯ. ವಾಸ್ತವ ಹಾಗಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ಉಚಿತವಾಗಿ ದೊರೆಯುತ್ತಿದ್ದ ಈ ತಂತ್ರಾಂಶಕ್ಕೆ ಸ್ವಂತ ಪರಿಶೀಲಕವೇ ಇರಲಿಲ್ಲ. ಅದೇ ಯಂತ್ರದಲ್ಲಿ ಮೈಕ್ರೋಸಾಫ್ಟ್ ಆಫೀಸ್ ಇದ್ದರೆ ಅದರ ನಿಘಂಟನ್ನು ಎರವಲು ಪಡೆಯುತ್ತಿತ್ತು. ಇಲ್ಲವಾದರೆ ಗುಂಡಿ ಮಂಕಾಗಿ, ಒತ್ತಿದರೂ ಪ್ರಯೋಜನವಿಲ್ಲದಂತೆ ಇರುತ್ತಿತ್ತು. ಆಫೀಸ್ 2007 ಅಳವಡಿಸಿದವರಿಗೆ ಇನ್ನೂ ವಿಚಿತ್ರ ಅನುಭವವಾಯಿತು. ಹೊಸ ನಿಘಂಟನ್ನು ಔಟ್‌ಲುಕ್ ಎಕ್ಸ್‌ಪ್ರೆಸ್ ಓದಲಾರದೆ, ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಮಾಯವಾಗಿ ಫ್ರೆಂಚ್ ಮಾತ್ರ ಉಳಿಯಿತು! ಹಣ ಕೊಟ್ಟು ಹೊಸದನ್ನು ಕೊಂಡವರಿಗೆ ಇದ್ದ ಸೌಕರ್ಯವೇ ತಪ್ಪಿದಂತಾಯಿತು. ಹಳೆಯ ಆಫೀಸಿನ ನಿಘಂಟು ಕಡತಗಳನ್ನು ‘ಪ್ರೂಫ್’ ಎಂಬ ಫೋಲ್ಡರಿಗೆ ನಕಲು ಮಾಡುವುದು ಅಂದಿನ ಪರಿಹಾರವಾಗಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಹಳೆಯ ಯಂತ್ರದಲ್ಲಿ ಅದನ್ನೇ ಇಟ್ಟುಕೊಂಡವರು ಕಾಗುಣಿತಕ್ಕಿಂತ ಮೊದಲು ಭದ್ರತೆಯ ಬಗ್ಗೆ ಚಿಂತಿಸಬೇಕಾಗುತ್ತದೆ.

ಪರಿಶೀಲಕ ಕೆಲಸ ಮಾಡಬೇಕಾದರೆ ಸ್ವಿಚ್ಚು ಹಾಕಿರಬೇಕು, ನಿಘಂಟು ಯಂತ್ರದಲ್ಲಿರಬೇಕು, ಬರೆಯುತ್ತಿರುವ ಪಠ್ಯ ಯಾವ ಭಾಷೆಯದೆಂಬ ಗುರುತು ಸರಿಯಿರಬೇಕು. ತೊಂದರೆ ಈ ಮೂರರಲ್ಲಿ ಎಲ್ಲಿದೆ ಎಂದು ತಿಳಿದರೆ ತಂತ್ರಜ್ಞರನ್ನು ಕರೆಸುವ ಅಗತ್ಯ ಅನೇಕ ವೇಳೆ ಬೀಳದು.

ಆಫೀಸಿನೊಂದಿಗೆ ಬರುವ ಔಟ್‌ಲುಕ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಮೇಲ್’ ಎಂಬ ಕ್ರಮದಲ್ಲಿ ಹೋದರೆ ‘ಆಲ್ವೇಸ್ ಚೆಕ್ ಸ್ಪೆಲ್ಲಿಂಗ್ ಬಿಫೋರ್ ಸೆಂಡಿಂಗ್’ ಎಂಬ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ಪ್ರತಿ ಪತ್ರವೂ ಹೊರಡುವ ಮುನ್ನ ಪರಿಶೀಲನೆಗೆ ಒಳಗಾಗುತ್ತದೆ. ಗುರುತು ಇದ್ದೂ ಪರಿಶೀಲಕ ಮೌನವಾಗಿದ್ದರೆ ದೋಷ ಭಾಷೆಯ ಗುರುತಿನಲ್ಲಿರುವ ಸಂಭವ ಹೆಚ್ಚು. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯ ತನ್ನ ಹಳೆಯ ಗುರುತನ್ನೂ ಹೊತ್ತು ತರುತ್ತದೆ. ಪಠ್ಯವನ್ನೆಲ್ಲ ಆಯ್ದು, ‘ರಿವ್ಯೂ’ ಪಟ್ಟಿಯ ‘ಲ್ಯಾಂಗ್ವೇಜ್’ನಲ್ಲಿ ಇಂಗ್ಲಿಷನ್ನು ನಿಗದಿಪಡಿಸಿ, ‘ಡು ನಾಟ್ ಚೆಕ್ ಸ್ಪೆಲ್ಲಿಂಗ್ ಆರ್ ಗ್ರಾಮರ್’ ಎಂಬಲ್ಲಿನ ಗುರುತನ್ನು ತೆಗೆದರೆ ಸಾಕು.

ಉಚಿತವಾಗಿ ದೊರೆಯುವ ಥಂಡರ್‌ಬರ್ಡ್ ಬಳಸುವವರು ಮೊದಲು ನಿಘಂಟನ್ನು ನೋಡಬೇಕು. ಪತ್ರ ಬರೆಯುವ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದಾಗ ಬರುವ ‘ಆ್ಯಡ್ ಡಿಕ್ಷನರೀಸ್’ ಮೂಲಕ ಬ್ರಿಟಿಷ್ ಇಂಗ್ಲಿಷಿನ ನಿಘಂಟನ್ನು ಸೇರಿಸಿಕೊಳ್ಳಬಹುದು. ಅಮೆರಿಕದ ನಿಘಂಟು ಮಾತ್ರ ಇದ್ದರೆ ನಮ್ಮಲ್ಲಿ ರೂಢಿಯಾಗಿರುವ ‘ಕಲರ್’, ‘ಲೇಬರ್’ ಪದಗಳ ‘ಯು’ ಅಕ್ಷರವನ್ನೂ ಅದು ತಪ್ಪೆಂದೇ ತೋರಿಸುತ್ತದೆ. ಸರಿಯಾದ ಪದಗಳ ಕೆಳಗೂ ಗೆರೆ ನೋಡಿ ನೋಡಿ ಬೇಸತ್ತವರು ನಿಜವಾದ ತಪ್ಪಿನ ಗೆರೆಯನ್ನೂ ಕಡೆಗಣಿಸುತ್ತಾರೆ.

ಕ್ರೋಮ್‌ನಲ್ಲಿ ಜಿಮೇಲ್ ತೆರೆಯುವವರಿಗೆ ಕೆಂಪು ಗೆರೆ ಎಳೆಯುವುದು ಬಹುತೇಕ ಬ್ರೌಸರ್. ಅದರ ‘ಸೆಟ್ಟಿಂಗ್ಸ್’ನಲ್ಲಿ ‘ಲ್ಯಾಂಗ್ವೇಜಸ್’ ವಿಭಾಗಕ್ಕೆ ಹೋಗಿ ‘ಸ್ಪೆಲ್ ಚೆಕ್’ ಚಾಲನೆಗೊಳಿಸಬೇಕು. ಅಲ್ಲಿ ‘ಬೇಸಿಕ್’, ‘ಎನ್‌ಹ್ಯಾನ್ಸ್‌ಡ್’ ಎಂಬ ಎರಡು ಆಯ್ಕೆಗಳಿವೆ. ಎರಡನೆಯದರಲ್ಲಿ ಬೆರಳಚ್ಚಿಸಿದ ಪಠ್ಯ ಪರಿಶೀಲನೆಗಾಗಿ ಗೂಗಲ್‌ಗೆ ರವಾನೆಯಾಗುತ್ತದೆ. ಇತರ ಜಾಲತಾಣಗಳಲ್ಲಿ ಟೆಂಡರ್ ದರ, ಬ್ಯಾಂಕ್ ವಿವರ ತುಂಬಿಸುವ ಯಂತ್ರದಲ್ಲಿ ಮೊದಲನೆಯದೇ ಲೇಸು.

ನಮ್ಮ ಊರುಗಳ ಹೆಸರು ಇನ್ನೊಂದು ತೊಡಕು. 2014ರ ನವೆಂಬರ್ 1ರಿಂದ ಬೆಂಗಳೂರು, ಬೆಳಗಾವಿ, ಕಲಬುರಗಿ, ಶಿವಮೊಗ್ಗ, ಬಳ್ಳಾರಿ ಮುಂತಾದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಗಿದ್ದು, ಹಳೆಯ ನಿಘಂಟುಗಳು ಹೊಸ ರೂಪವನ್ನು ಅರಿಯವು. ಇಂತಹ ಹೆಸರುಗಳನ್ನೂ ಗ್ರಾಹಕರ, ಬಿಡಿಭಾಗಗಳ ಹೆಸರುಗಳನ್ನೂ ‘ಆ್ಯಡ್ ಟು ಡಿಕ್ಷನರಿ’ ಮೂಲಕ ಸೇರಿಸಬಹುದು. ಆಫೀಸಿನಲ್ಲಿ ಇವು ‘ಕಸ್ಟಮ್ ಡಿಕ್’ ಎಂಬ ಚಿಕ್ಕ ಕಡತದಲ್ಲಿ ಶೇಖರವಾಗುತ್ತವೆ. ಯಂತ್ರ ಬದಲಿಸುವಾಗ ಅದನ್ನು ಮರೆಯದೆ ನಕಲು ಮಾಡಿಕೊಳ್ಳಬೇಕು. ಅವಸರದಲ್ಲಿ ತಪ್ಪು ಪದವೊಂದನ್ನು ಸೇರಿಸಿದರೆ ಅದು ಮುಂದೆಂದೂ ತಪ್ಪೆಂದು ತೋರದು. ವರ್ಷಕ್ಕೊಮ್ಮೆಯಾದರೂ ಪಟ್ಟಿ ತೆರೆದು ನೋಡುವುದು ಕ್ಷೇಮ.

ಪರಿಶೀಲಕ ಮರಳಿ ಬಂದಿತೆಂದು ನಿಶ್ಚಿಂತರಾಗುವಂತಿಲ್ಲ. ಟೆಲೆಕ್ಸ್ ಕಾಲದ ರೂಢಿಯಂತೆ ಇಡೀ ಪತ್ರವನ್ನು ದೊಡ್ಡಕ್ಷರಗಳಲ್ಲಿಯೇ ಬೆರಳಚ್ಚಿಸುವ ಸಂಸ್ಥೆಗಳು ಇಂದಿಗೂ ಉಂಟು. ದೊಡ್ಡಕ್ಷರದ ಪದಗಳನ್ನೂ ಅಂಕಿ ಬೆರೆತ ಪದಗಳನ್ನೂ ಬಿಟ್ಟುಬಿಡುವಂತೆ ಆಫೀಸ್ ಮೊದಲೇ ಹೊಂದಿಸಲ್ಪಟ್ಟಿರುತ್ತದೆ. ಹೀಗಾಗಿ ಅಂತಹ ಪತ್ರದ ಒಂದು ಪದವೂ ಪರಿಶೀಲನೆಗೆ ಬರುವುದಿಲ್ಲ. ಪರಿಶೀಲಕ ಕೆಟ್ಟಿದೆಯೆಂಬ ದೂರಿಗೆ ಹಲವು ವೇಳೆ ಇದೇ ಕಾರಣ. ‘ಪ್ರೂಫಿಂಗ್’ ಆಯ್ಕೆಗಳಲ್ಲಿ ‘ಇಗ್ನೋರ್ ವರ್ಡ್ಸ್ ಇನ್ ಅಪ್ಪರ್‌ಕೇಸ್’ ಎಂಬುದರ ಗುರುತು ತೆಗೆಯಬೇಕು. ಗ್ರಾಹಕರ ಪತ್ರದ ಸಾಲುಗಳ ನಡುವೆಯೇ ಉತ್ತರ ತುಂಬುವವರ ಬರಹ ಕೂಡ, ಮೂಲ ಸಂದೇಶವನ್ನು ಕೈಬಿಡುವ ಆಯ್ಕೆ ಇದ್ದಲ್ಲಿ, ಪರಿಶೀಲನೆಯಿಂದ ಹೊರಗುಳಿಯಬಹುದು.

ಅರ್ಥವಂತೂ ಈ ಸರಳ ಪರಿಶೀಲಕಕ್ಕೆ ತಿಳಿಯದು. ಇಂಗ್ಲಿಷಿನ ‘ನೌ’ ಮತ್ತು ‘ನಾಟ್’ ಪದಗಳ ನಡುವೆ ಇರುವುದು ಒಂದೇ ಅಕ್ಷರದ ಅಂತರ. ‘ಈಗ ಪೂರೈಸಲು ಸಮರ್ಥರಿದ್ದೇವೆ’ ಎಂಬುದು ‘ಸಮರ್ಥರಿಲ್ಲ’ ಎಂದಾದರೂ ಕೆಂಪು ಗೆರೆ ಮೂಡದು, ಏಕೆಂದರೆ ಎರಡೂ ನಿಘಂಟಿನಲ್ಲಿವೆ.

ಅಂಕಿಗಳ ವಿಷಯ ಇನ್ನೂ ಗಂಭೀರ. ಇ-ಮೇಲ್‌ನಲ್ಲಿ ಒಪ್ಪಿದ ಸರಕಿನ ವಿವರಣೆಯೇ ಮುಂದೆ ಪ್ರೊಫಾರ್ಮಾ ಇನ್‌ವಾಯ್ಸಿಗೆ, ಅಲ್ಲಿಂದ ಲೆಟರ್ ಆಫ್ ಕ್ರೆಡಿಟ್‌ಗೆ ಹೋಗುತ್ತದೆ. ದಾಖಲೆಗಳನ್ನು ಬ್ಯಾಂಕುಗಳು ಪರಿಶೀಲಿಸುವ ಬಗ್ಗೆ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 2013ರಲ್ಲಿ ಪ್ರಕಟಿಸಿದ ಐಎಸ್‌ಬಿಪಿ 745ರ ಪ್ರಕಾರ, ಅರ್ಥಕ್ಕೆ ಧಕ್ಕೆ ತಾರದ ಕಾಗುಣಿತ ದೋಷ ದಾಖಲೆಯನ್ನು ದೋಷಪೂರ್ಣವಾಗಿಸದು. ‘ಮಶೀನ್’ ಪದದಲ್ಲಿ ‘ಸಿ’ ಬದಲು ‘ಎಸ್’ ಬಿದ್ದರೆ ಬ್ಯಾಂಕು ಕ್ಷಮಿಸುತ್ತದೆ. ಆದರೆ ಮಾಡೆಲ್ 321 ಎಂದಿರಬೇಕಾದಲ್ಲಿ 123 ಎಂದು ಬಿದ್ದರೆ ಅದನ್ನು ಬೆರಳಚ್ಚಿನ ತಪ್ಪೆಂದು ಪರಿಗಣಿಸಲಾಗದು. ಹಣ ಪಾವತಿಯನ್ನು ನಿರಾಕರಿಸಲು ಅದೇ ಕಾರಣವಾಗಬಹುದು. ಪರಿಶೀಲಕ ಹಿಡಿಯುವುದು ಮೊದಲನೆಯ ಬಗೆಯ ತಪ್ಪನ್ನು ಮಾತ್ರ. ಮಾಡೆಲ್ ಸಂಖ್ಯೆ, ಪ್ರಮಾಣ, ದರಗಳನ್ನು ಮೂಲ ಆದೇಶಪತ್ರ ಪಕ್ಕದಲ್ಲಿಟ್ಟುಕೊಂಡು ಇನ್ನೊಬ್ಬರು ಓದಿ ನೋಡಬೇಕಾಗುತ್ತದೆ.