ಫೋರ್ಟ್ರಾನ್‌ನ ಹೊಸ ವಾರಸುದಾರರು

ನಾಳೆ ಮಳೆಯಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ದೊಡ್ಡ ಹವಾಮಾನ ಮಾದರಿಗಳ ಒಳಹೊಕ್ಕು ನೋಡಿದರೆ ಇವತ್ತಿಗೂ ಸಿಗುವುದು ಫೋರ್ಟ್ರಾನ್. ನಾನಾ ದೇಶಗಳು ಬಳಸುವ ಡಬ್ಲ್ಯೂಆರ್‌ಎಫ್ ಮಾದರಿಯಾಗಲಿ, ಯುರೋಪಿನ ಹವಾಮಾನ ಕೇಂದ್ರದ ಐಎಫ್‌ಎಸ್ ಆಗಲಿ, ಬಹುಪಾಲು ಬರೆದಿರುವುದು ಇದೇ ಭಾಷೆಯಲ್ಲಿ. ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿ ನಂಪೈ ಎಂಬ ಲೆಕ್ಕದ ಲೈಬ್ರರಿಗೆ ಒಂದು ಮ್ಯಾಟ್ರಿಕ್ಸ್ ಕೊಟ್ಟು ಸಮೀಕರಣ ಬಿಡಿಸಲು ಹೇಳಿದಾಗ, ಆ ಕೋರಿಕೆ ಹೋಗಿ ಮುಟ್ಟುವುದು 1992ರಲ್ಲಿ ಫೋರ್ಟ್ರಾನ್‌ನಲ್ಲಿ ಹೊರಬಂದ ಲಾಪ್ಯಾಕ್ ಲೈಬ್ರರಿಯ ವಿಧಾನಗಳನ್ನೇ. 1957ರಲ್ಲಿ ಬಳಕೆಗೆ ಬಂದ ಭಾಷೆಯೊಂದು ಇಷ್ಟು ಹೊರೆ ಹೊತ್ತು ನಡೆಯುತ್ತಿದ್ದರೆ, ಅದರ ಯೋಗಕ್ಷೇಮ ನೋಡಿಕೊಳ್ಳುವವರು ಯಾರು? ಬಹುಮಟ್ಟಿಗೆ ಅದನ್ನು ಬಳಸುವವರೇ.

ಮೊದಲು ಹಾಗಿರಲಿಲ್ಲ. ಐಬಿಎಂನಲ್ಲಿ ಜಾನ್ ಬ್ಯಾಕಸ್ ನೇತೃತ್ವದ ಸಣ್ಣ ತಂಡ 1954ರಲ್ಲಿ ಕೆಲಸ ಶುರುಮಾಡಿ, ಮೂರು ವರ್ಷದಲ್ಲಿ 704 ಎಂಬ ಯಂತ್ರಕ್ಕೆ ಕಂಪೈಲರ್ ಸಿದ್ಧಪಡಿಸಿತು. ನಾವು ಬರೆದ ಸೂತ್ರವನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ನುರಿತವರು ಕೈಯಾರೆ ಬರೆದ ಆದೇಶಗಳ ವೇಗ ಇದಕ್ಕೆ ಎಲ್ಲಿಂದ ಬರಬೇಕು ಎಂಬ ಅನುಮಾನ ಆಗ ಬಲವಾಗಿತ್ತು. ಅದನ್ನು ಸುಳ್ಳು ಮಾಡಲೆಂದೇ ತಂಡ ವೇಗಕ್ಕಾಗಿ ಹಠ ಹಿಡಿಯಿತು. ಆ ಹಠ ಭಾಷೆಯ ಗುಣವಾಗಿಯೇ ಉಳಿದಿದೆ. ಆಮೇಲೆ ಯಂತ್ರ ಮಾರುವ ಕಂಪನಿಗಳೆಲ್ಲ ತಮ್ಮ ತಮ್ಮ ಕಂಪೈಲರ್ ಮಾಡಿಕೊಂಡವು.

ನಮ್ಮಲ್ಲೂ ಒಂದು ತಲೆಮಾರು ಪ್ರೋಗ್ರಾಮಿಂಗ್ ಕಲಿತದ್ದು ಫೋರ್ಟ್ರಾನ್‌ನಿಂದಲೇ. ಐಐಟಿ ಕಾನ್ಪುರದಲ್ಲಿ ಪಾಠ ಹೇಳಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳು ಎಷ್ಟೋ ಕಾಲೇಜುಗಳಲ್ಲಿ ಮೊದಲ ಗುರುವಾಗಿದ್ದವು. ಪಂಚ್ ಕಾರ್ಡಿನ ಕಾಲದ ಕಟ್ಟುನಿಟ್ಟು ಅವರ ವಿದ್ಯಾರ್ಥಿಗಳಿಗೆ ಈಗಲೂ ಬಾಯಿಪಾಠ ಇರಬೇಕು: ಮೊದಲ ಐದು ಕಾಲಂ ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎನ್ನುವುದಕ್ಕೆ, 7ರಿಂದ 72ರವರೆಗೆ ಮಾತ್ರ ನಿಜವಾದ ಬರವಣಿಗೆ. ಈ ಕಟ್ಟು ಸಡಿಲವಾದದ್ದು ಫೋರ್ಟ್ರಾನ್ 90ರಲ್ಲಿ.

ಭಾಷೆ ಹೇಗಿರಬೇಕೆಂದು ಅಂತಾರಾಷ್ಟ್ರೀಯ ಸಮಿತಿ ಕಾಗದದ ಮೇಲೆ ತೀರ್ಮಾನಿಸುತ್ತದೆ. ಅದು ಕಂಪ್ಯೂಟರಿನಲ್ಲಿ ಓಡಬೇಕಾದರೆ ಯಾರಾದರೂ ಕೂತು ಕಂಪೈಲರ್ ಬರೆಯಬೇಕು. ಗ್ನೂ ಯೋಜನೆಯ ಮುಕ್ತ ಕಂಪೈಲರ್ ಜಿ77 ಹಳೆಯ ಫೋರ್ಟ್ರಾನ್ 77ರಲ್ಲೇ ನಿಂತುಬಿಟ್ಟಿತ್ತು. ಹೊಸ ಫೋರ್ಟ್ರಾನ್‌ಗಾಗಿ ಆಂಡಿ ವಾಟ್ ಜಿ95 ಎಂಬ ಕಂಪೈಲರ್ ಆರಂಭಿಸಿದರು. ಕೆಲಸ ಎಲ್ಲರ ಕೈಗೂ ಸಿಗಬೇಕು ಎನ್ನುವವರು 2003ರಲ್ಲಿ ಅದರಿಂದ ಕವಲೊಡೆದು ಹೊರಬಂದರು. ಆ ಕವಲೇ ಜಿಫೋರ್ಟ್ರಾನ್. 2005ರಲ್ಲಿ ಗ್ನೂ ಕಂಪೈಲರ್‌ಗಳ ಕಟ್ಟು ಜಿಸಿಸಿ 4.0ರ ಜೊತೆ ಅದು ಲೋಕಕ್ಕೆಲ್ಲ ಉಚಿತವಾಗಿ ಸಿಕ್ಕಿತು. ಇದನ್ನು ಕಟ್ಟಿದವರಲ್ಲಿ ಅನೇಕರು ಭೌತವಿಜ್ಞಾನಿಗಳು, ಎಂಜಿನಿಯರ್‌ಗಳು. ಹಗಲು ಬೇರೆ ಉದ್ಯೋಗ, ಬಿಡುವಿನಲ್ಲಿ ಕಂಪೈಲರ್.

ಅವರ ದಿನನಿತ್ಯದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎಲ್ಲೋ ಒಬ್ಬ ಸಂಶೋಧಕರ ಸಾವಿರಾರು ಸಾಲಿನ ಪ್ರೋಗ್ರಾಮ್ ಕಂಪೈಲ್ ಆಗುವಾಗ 'ಇಂಟರ್ನಲ್ ಕಂಪೈಲರ್ ಎರರ್' ಎಂದು ನಿಂತುಬಿಡುತ್ತದೆ. ತಪ್ಪು ಕಂಪೈಲರಿನದೇ. ಆದರೆ ಇಡೀ ಪ್ರೋಗ್ರಾಮನ್ನು ಕಳಿಸಿದರೆ ಯಾರೂ ಓದಲಾರರು. ಹಾಗಾಗಿ ಒಂದು ಭಾಗ ತೆಗೆದುಹಾಕು, ಮತ್ತೆ ಕಂಪೈಲ್ ಮಾಡು. ತಪ್ಪು ಉಳಿದಿದ್ದರೆ ಇನ್ನೊಂದು ಭಾಗ ತೆಗೆ. ಹೀಗೆ ಸೋಸುತ್ತಾ ಹೋಗಿ ಹತ್ತು ಹನ್ನೆರಡು ಸಾಲಿಗೆ ಇಳಿಸಿದರೆ ಅರ್ಧ ಕೆಲಸ ಮುಗಿದಂತೆ. ತಪ್ಪು ತಿದ್ದುವವರು ಆ ಪುಟ್ಟ ಪ್ರೋಗ್ರಾಮನ್ನೇ ಪರೀಕ್ಷೆಯಾಗಿ ಜೊತೆಗಿಡುತ್ತಾರೆ. ಮುಂದೆ ಯಾರು ಏನೇ ಬದಲಿಸಿದರೂ ಹೀಗೆ ಸೇರಿಕೊಂಡ ಸಾವಿರಾರು ಪರೀಕ್ಷೆಗಳು ಮತ್ತೆ ಓಡುತ್ತವೆ. ಒಬ್ಬರ ಕಷ್ಟ ಮತ್ತೊಬ್ಬರಿಗೆ ಮರುಕಳಿಸದಂತೆ ಕಾಯುವ ಈ ವ್ಯವಸ್ಥೆಯ ಬಗ್ಗೆ ನನಗೆ ತುಂಬಾ ಗೌರವ.

ಕಂಪೈಲರ್ ಸಿಕ್ಕರೂ ಲೈಬ್ರರಿಯ ಕೊರತೆ ನೀಗಿರಲಿಲ್ಲ. ಲಾಪ್ಯಾಕ್‌ನಂಥ ಘನವಾದ ಲೈಬ್ರರಿಗಳಿದ್ದವು, ನಿಜ. ಆದರೆ ಒಂದು ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸುವಂಥ ಸಾಮಾನ್ಯ ಕೆಲಸಕ್ಕೂ ಭಾಷೆಯಲ್ಲಿ ಸಿದ್ಧ ಸಾಧನವಿರಲಿಲ್ಲ. ಒಂದೇ ಬೀದಿಯ ಪ್ರತಿ ಮನೆಯವರೂ ತಮ್ಮದೇ ಬಾವಿ ತೋಡಿಕೊಂಡ ಹಾಗೆ, ಪ್ರತಿ ಪ್ರಯೋಗಾಲಯವೂ ತನ್ನದೇ ಕೋಡ್ ಬರೆದುಕೊಂಡಿತ್ತು. 2019ರ ಕೊನೆಯಲ್ಲಿ ಒಂಡ್ರೆ ಚೆರ್ಟಿಕ್, ಮಿಲಾನ್ ಚುರ್ಚಿಚ್ ಮೊದಲಾದವರು ಎಲ್ಲರಿಗೂ ಸೇರಿದ ಸ್ಟ್ಯಾಂಡರ್ಡ್ ಲೈಬ್ರರಿಗೆ ಕೈಹಾಕಿದರು. 2020ರಲ್ಲಿ ಫೋರ್ಟ್ರಾನ್-ಲ್ಯಾಂಗ್ ಎಂಬ ಸಮುದಾಯ ರೂಪುಗೊಂಡಿತು. ಅಲ್ಲಿ ಮೊದಲು ಮಾತುಕತೆ: ಈ ಸಾಧನ ಬೇಕೆ, ಹೆಸರೇನು, ಯಾವ ಕ್ರಮದಲ್ಲಿ ಏನೇನು ಕೊಡಬೇಕು. ಕೋಡ್ ಒಪ್ಪಿಗೆಯಾದ ಮೇಲೂ ಅದು ಪ್ರಾಯೋಗಿಕ ಎಂಬ ಹಣೆಪಟ್ಟಿ ಹೊತ್ತೇ ಲೈಬ್ರರಿಯೊಳಗೆ ಬರುತ್ತದೆ.

ಜೋಡಣೆಯ ಸಾಧನವನ್ನೇ ನೋಡಿ. ಅದರಲ್ಲಿನ ಒಂದು ವಿಧಾನ ರಸ್ಟ್ ಎಂಬ ಹೊಸ ಭಾಷೆಯ ಲೈಬ್ರರಿಯಿಂದ ಫೋರ್ಟ್ರಾನ್‌ಗೆ ತಂದದ್ದು. ಎರಡೂ ಕಡೆಯ ಪರವಾನಗಿ ಮುಕ್ತವಾಗಿದ್ದರಿಂದ ಅದು ಸಾಧ್ಯವಾಯಿತು. ಇನ್ನೊಂದು ತೊಡಕು: ಪೂರ್ಣಾಂಕಕ್ಕೆ, 32 ಬಿಟ್‌ನ ದಶಮಾಂಶಕ್ಕೆ, 64 ಬಿಟ್‌ನದಕ್ಕೆ ಫೋರ್ಟ್ರಾನ್‌ನಲ್ಲಿ ಬೇರೆ ಬೇರೆಯಾಗಿಯೇ ಬರೆಯಬೇಕು. ಅದಕ್ಕೆ ಫೈಪ್ ಎಂಬ ಸಾಧನದಲ್ಲಿ ಒಂದೇ ಅಚ್ಚು ಮಾಡಿಟ್ಟು, ಅದರಿಂದ ಎಲ್ಲ ರೂಪಗಳನ್ನೂ ತೆಗೆಯುತ್ತಾರೆ. ಇದೇ ಸಮುದಾಯದ ಎಫ್‌ಪಿಎಂ ಬೇರೆಯವರ ಲೈಬ್ರರಿಗಳನ್ನು ತಾನೇ ತಂದು ಸೇರಿಸಿ ಪ್ರೋಗ್ರಾಮ್ ಕಟ್ಟಿಕೊಡುತ್ತದೆ. ಮೇಕ್‌ಫೈಲ್ ಎಂಬ ಸೂಚನೆಗಳ ಕಡತ ಬರೆದು ಸುಸ್ತಾದವರಿಗೆ ಇದರ ಬೆಲೆ ಗೊತ್ತು. ಜರ್ಮನಿಯ ಸಾವರಿನ್ ಟೆಕ್ ಫಂಡ್ ಇದಕ್ಕೆ ಹಣಕಾಸಿನ ನೆರವು ಕೊಟ್ಟಿದೆ. ಸಾರ್ವಜನಿಕ ಹಣ ಸೇತುವೆಗೆ ಸಲ್ಲುವಂತೆ ಕೋಡಿಗೂ ಸಲ್ಲಬೇಕು ಎಂಬುದೇ ನನ್ನ ನಿಲುವು.

ಹೊಸ ಕಂಪೈಲರ್‌ಗಳೂ ಬರುತ್ತಿವೆ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ಫ್ಲ್ಯಾಂಗ್‌ಗೆ ಎನ್‌ವಿಡಿಯಾ, ಎಎಂಡಿ, ಆರ್ಮ್‌ನಂಥ ಕಂಪನಿಗಳ ಎಂಜಿನಿಯರ್‌ಗಳು ದುಡಿಯುತ್ತಿದ್ದಾರೆ. ಚೆರ್ಟಿಕ್ ಆರಂಭಿಸಿದ ಎಲ್‌ಫೋರ್ಟ್ರಾನ್‌ನಲ್ಲಿ ಪೈಥಾನ್‌ನಂತೆ ಒಂದೊಂದೇ ಸಾಲು ಕೊಟ್ಟು ಉತ್ತರ ನೋಡಬಹುದು. ಗೂಗಲ್‌ನ ಬೇಸಿಗೆ ಕಾರ್ಯಕ್ರಮದ ಮೂಲಕ ಇದಕ್ಕೆ ಬಂದು ಸೇರಿದವರಲ್ಲಿ ಭಾರತದ ವಿದ್ಯಾರ್ಥಿಗಳು ಹಲವರಿದ್ದಾರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಶುರುವಾದ ಫ್ಲೋಸಾಲ್ವರ್ ಸಮಾಂತರ ಗಣಕದ ಕಾಲದಿಂದಲೂ ವೈಜ್ಞಾನಿಕ ಲೆಕ್ಕಾಚಾರದಲ್ಲಿ ಪಳಗಿದ ಕೈಗಳು ನಮ್ಮ ಊರಿನಲ್ಲಿವೆ. ಅವರಲ್ಲಿ ಅನೇಕರು ಈಗ ನಿವೃತ್ತರು. ಒಂದು ಸಂಖ್ಯೆ ಯಾವ ಹಂತದಲ್ಲಿ ನಿಖರತೆ ಕಳೆದುಕೊಳ್ಳುತ್ತದೆ, ಹಳೆಯ ಕೋಡಿನ ವಿಚಿತ್ರ ಸಾಲೊಂದು ಅಲ್ಲಿ ಯಾಕಿದೆ ಎನ್ನುವುದನ್ನು ಅವರಷ್ಟು ಚೆನ್ನಾಗಿ ಹೇಳಬಲ್ಲವರು ಕಡಿಮೆ. ಸ್ಟ್ಯಾಂಡರ್ಡ್ ಲೈಬ್ರರಿಗೆ ಈಗ ಬೇಕಿರುವುದು ಪರೀಕ್ಷೆಗಳು, ಉದಾಹರಣೆಗಳು, ವಿವರಣೆಗಳು. ಇಪ್ಪತ್ತರ ಹುಡುಗ ಹುಡುಗಿಯರ ಪಕ್ಕದಲ್ಲಿ ಈ ಹಿರಿಯರನ್ನು ಕೂರಿಸುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಈ ವರ್ಷವೇ ಶುರುಮಾಡಬಹುದು.