ಬೇಹುಗಾರರ ಜಮಾ-ಖರ್ಚು

1915ರ ಜೂನ್‌ನಿಂದ ಆಗಸ್ಟ್‌ವರೆಗೆ ಬಟಾವಿಯಾದಿಂದ, ಅಂದರೆ ಇವತ್ತಿನ ಜಕಾರ್ತದಿಂದ, ಕಲ್ಕತ್ತೆಯ ಒಂದು ಅಂಗಡಿಗೆ ಕಂತುಕಂತಾಗಿ ಹಣ ಬಂತು. ಒಟ್ಟು 43,000 ರೂಪಾಯಿ. ಕಳಿಸಿದವನು ಥಿಯೋಡೋರ್ ಹೆಲ್ಫೆರಿಶ್ ಎಂಬ ಜರ್ಮನ್ ವ್ಯಾಪಾರಿ. ಅವನ ಅಣ್ಣ ಕಾರ್ಲ್ ಆ ವರ್ಷ ಜರ್ಮನಿಯ ಖಜಾನೆಯನ್ನೇ ನೋಡಿಕೊಳ್ಳುತ್ತಿದ್ದ. ಹಣ ಪಡೆದ ಅಂಗಡಿಯ ಹೆಸರು ‘ಹ್ಯಾರಿ ಅಂಡ್ ಸನ್ಸ್’. ಹ್ಯಾರಿ ಎಂಬ ಸಾಹೇಬ ಅಲ್ಲಿ ಯಾರೂ ಇರಲಿಲ್ಲ. ಅದನ್ನು ನಡೆಸುತ್ತಿದ್ದವರು ಬಂಗಾಳದ ಜುಗಾಂತರ ಕ್ರಾಂತಿಕಾರಿ ಬಣದ ಹರಿಕುಮಾರ ಚಕ್ರವರ್ತಿ. ಭಾರತದಲ್ಲಿ ದಂಗೆ ಎದ್ದರೆ ಬ್ರಿಟಿಷರು ಯುರೋಪಿನ ರಣರಂಗದಿಂದ ಸೈನ್ಯವನ್ನು ಇತ್ತ ತಿರುಗಿಸಲೇಬೇಕಾಗುತ್ತದೆ ಎಂಬುದು ಬರ್ಲಿನ್ನಿನ ಲೆಕ್ಕಾಚಾರ. ಆ ಲೆಕ್ಕಾಚಾರದ ಒಂದು ತುದಿ ಈ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು.

ಇಂಥ ಅಂಗಡಿಗಳನ್ನು ಈ ಅಧ್ಯಾಯದಲ್ಲಿ ಮುಸುಕಿನ ಕಂಪನಿ ಎಂದು ಕರೆಯೋಣ. ಬೇನಾಮಿ ಆಸ್ತಿಯಲ್ಲಿ ಮುಚ್ಚಿಡುವುದು ಒಡೆಯನ ಹೆಸರನ್ನು. ಶೆಲ್ ಕಂಪನಿಯಲ್ಲಿ ನೋಂದಣಿ ಪತ್ರ ಬಿಟ್ಟರೆ ಹೆಚ್ಚಿನದೇನೂ ಇರುವುದಿಲ್ಲ. ಮುಸುಕಿನ ಕಂಪನಿಗೆ ಕಚೇರಿ, ಗುಮಾಸ್ತ, ಸರಕು, ಗಿರಾಕಿ ಎಲ್ಲವೂ ಇರಬಹುದು. ಅಲ್ಲಿ ಮುಚ್ಚಿಡುವುದು ಉದ್ದೇಶವನ್ನು. ವ್ಯಾಖ್ಯೆ ಇಷ್ಟು ಸಾಕು.

ಸರ್ಕಾರಗಳಿಗೆ ಇದರಿಂದ ಒಂದು ಅನುಕೂಲ ತಕ್ಷಣ ಕಾಣುತ್ತದೆ: ಕೈತೊಳೆದುಕೊಳ್ಳಬಹುದು. 1936ರ ಜುಲೈ ಕೊನೆಯಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದ ಕೂಡಲೇ ಮೊರಾಕೊದ ಟೆಟುವಾನ್‌ನಲ್ಲಿ ‘ಹಿಸ್ಮಾ’ ಎಂಬ ಸಾರಿಗೆ ಕಂಪನಿ ಹುಟ್ಟಿಕೊಂಡಿತು. ಅದು ಸಾಗಿಸಿದ್ದು ಜನರಲ್ ಫ್ರಾಂಕೋನ ಸೈನಿಕರನ್ನು, ಹಿಟ್ಲರ್ ಕಳಿಸಿದ ವಿಮಾನಗಳಲ್ಲಿ. ಕೇಳಿದವರಿಗೆ ಅದು ಖಾಸಗಿ ಸಾರಿಗೆ ವ್ಯವಹಾರ, ಜರ್ಮನ್ ಸರ್ಕಾರಕ್ಕೆ ಸಂಬಂಧವಿಲ್ಲ! ಇದು ಸುಲಭವಾಗಿ ಅರ್ಥವಾಗುವ ಭಾಗ. ಕೇಳುಗರು ಎಡವುವುದು ಹಣದ ವಿಷಯದಲ್ಲಿ.

“ಇಷ್ಟೆಲ್ಲ ನಾಟಕ ಏಕೆ? ಪೆಟ್ಟಿಗೆಯಲ್ಲಿ ನೋಟು ತುಂಬಿ ಕಳಿಸಿದರೆ ಆಗುವುದಿಲ್ಲವೇ?” ಈ ವಿಷಯ ಮಾತಾಡಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕಳಿಸುತ್ತಾರೆ, ಚಿನ್ನವನ್ನೂ ವಜ್ರವನ್ನೂ ಕಳಿಸುತ್ತಾರೆ. ಆದರೆ ಬೇಹುಗಾರಿಕೆಯ ಖರ್ಚು ಒಂದು ದಿನದ್ದಲ್ಲ. ಬಾಡಿಗೆ, ಸಂಬಳ, ಪ್ರಯಾಣ, ಲಂಚ, ಅಡಗುಮನೆ, ಸಿಕ್ಕಿಬಿದ್ದವರ ಸಂಸಾರ, ಹೀಗೆ ತಿಂಗಳು ತಿಂಗಳು ಹಣ ಬೇಕು. ದುಡಿಮೆ ಏನೆಂದು ಯಾರಿಗೂ ತಿಳಿಯದ ಮನುಷ್ಯ ಧಾರಾಳವಾಗಿ ಖರ್ಚು ಮಾಡುತ್ತಿದ್ದರೆ ಪೊಲೀಸರಿಗಿಂತ ಮೊದಲು ಮನೆಯ ಮಾಲೀಕಳಿಗೆ ಅನುಮಾನ ಬರುತ್ತದೆ. ಯುದ್ಧಕಾಲದಲ್ಲಂತೂ ಬ್ಯಾಂಕು, ಅಂಚೆ, ತಂತಿ, ಸುಂಕದ ಕಟ್ಟೆ ಎಲ್ಲೆಡೆ ಒಂದೇ ಪ್ರಶ್ನೆ: ಇದು ಯಾವ ಬಾಬ್ತು? ಹಣವನ್ನು ಗಡಿ ದಾಟಿಸುವುದಕ್ಕಿಂತ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ವ್ಯಾಪಾರ ಆ ಉತ್ತರವನ್ನು ಕೊಡುತ್ತದೆ.

ಹೇಗೆಂದು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಆ ಕಾಲಕ್ಕೆ ಜಾವಾದಿಂದ ಭಾರತಕ್ಕೆ ಸಕ್ಕರೆ ಬರುತ್ತಿತ್ತು, ಕಲ್ಕತ್ತೆಯಿಂದ ಜಾವಾಕ್ಕೆ ಗೋಣಿಚೀಲ ಹೋಗುತ್ತಿತ್ತು. ಡಚ್ಚರು ಮೊದಲ ಮಹಾಯುದ್ಧದಲ್ಲಿ ತಟಸ್ಥರು, ಹಾಗಾಗಿ ಅವರ ವಸಾಹತಾದ ಜಾವಾ ಜೊತೆಗಿನ ವ್ಯಾಪಾರಕ್ಕೆ ಅಡ್ಡಿಯಿಲ್ಲ. ಬಟಾವಿಯಾದ ವ್ಯಾಪಾರಿ ಕಲ್ಕತ್ತೆಯಿಂದ 10,000 ರೂಪಾಯಿ ಬೆಲೆಯ ಚೀಲ ತರಿಸುತ್ತಾನೆ ಎನ್ನಿ. ಬಿಲ್ಲು ಮಾತ್ರ 14,000ಕ್ಕೆ. ಸುಂಕದವರ ಬಳಿ ಬಿಲ್ಲಿನ ಪ್ರತಿ ಇದೆ, ಹಡಗಿನವರ ಬಳಿ ಸರಕಿನ ರಸೀದಿ ಇದೆ, ಬ್ಯಾಂಕಿನಲ್ಲಿ ಹಣ ಸಂದ ದಾಖಲೆ ಇದೆ. ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಚೀಲಗಳು ನಿಜವಾಗಿಯೂ ಹಡಗೇರಿವೆ. ಕಲ್ಕತ್ತೆಯಲ್ಲಿ ಉಳಿದ 4,000 ರೂಪಾಯಿ ಈಗ ಲಾಭ. ಯಾರೂ ನೋಟು ಹೊತ್ತು ಗಡಿ ದಾಟಲಿಲ್ಲ.

ಇಲ್ಲಿಗೆ ಬಂದಾಗ ಲೆಕ್ಕ ಬಲ್ಲವರೇ ತಲೆ ಕೆರೆದುಕೊಳ್ಳುವುದುಂಟು. ಹಾಗಾದರೆ ಬಟಾವಿಯಾದವನಿಗೆ 4,000 ನಷ್ಟವಾಯಿತಲ್ಲ? ಹೌದು, ಆಯಿತು. ಆ ನಷ್ಟವೇ ಬೇಹುಗಾರಿಕೆಯ ಬಜೆಟ್. ನಮಗೆ ಪರಿಚಯವಿರುವ ಕಳ್ಳಲೆಕ್ಕದಲ್ಲಿ ವ್ಯಾಪಾರಿ ಬಂದ ಲಾಭವನ್ನು ಮರೆಮಾಡುತ್ತಾನೆ. ಇಲ್ಲಿ ಎಲ್ಲವೂ ತಿರುಗುಮುರುಗು: ಬಾರದ ಲಾಭವನ್ನು ಬಂದಂತೆ ತೋರಿಸಬೇಕು, ಕಿರ್ದಿಯಲ್ಲಿ ಚೊಕ್ಕವಾಗಿ ಬರೆಯಬೇಕು, ಅದರ ಮೇಲೆ ತೆರಿಗೆಯನ್ನೂ ಕಟ್ಟಬೇಕು. ಶತ್ರು ಸರ್ಕಾರಕ್ಕೆ ಶ್ರದ್ಧೆಯಿಂದ ತೆರಿಗೆ ಕಟ್ಟಿದ ರಸೀದಿಗಿಂತ ಒಳ್ಳೆಯ ರಕ್ಷಾಪತ್ರ ಬೇಹುಗಾರನಿಗೆ ಇನ್ನೊಂದಿಲ್ಲ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಇಷ್ಟವಾದ ಭಾಗವೇ ಇದು, ಕ್ಷಮಿಸಿ, ಹೇಳುವಾಗ ಉತ್ಸಾಹ ಸ್ವಲ್ಪ ಹೆಚ್ಚಾಗುತ್ತದೆ.

ಇದರಿಂದ ಒಂದು ಮಾತು ಹೊರಡುತ್ತದೆ. ಮುಸುಕಿನ ಕಂಪನಿ ಎಂದರೆ ಬೋರ್ಡು ತಗುಲಿಸಿದ ಖಾಲಿ ಕೋಣೆ ಎಂಬ ಕಲ್ಪನೆ ಸಿನಿಮಾ ನೋಡಿ ಬಂದದ್ದು. ಖಾಲಿ ಕೋಣೆ ಬೇಗ ಸಿಕ್ಕಿಬೀಳುತ್ತದೆ. ನಿಜವಾದ ಸರಕನ್ನು ನಿಜವಾದ ಗಿರಾಕಿಗೆ ಮಾರುವ ಅಂಗಡಿ ಬಾಳುತ್ತದೆ.

ಹ್ಯಾರಿ ಅಂಡ್ ಸನ್ಸ್ ಕಥೆಗೆ ಮರಳೋಣ. 1915ರ ಏಪ್ರಿಲ್‌ನಲ್ಲಿ ಜುಗಾಂತರ ಬಣದ ನರೇಂದ್ರನಾಥ ಭಟ್ಟಾಚಾರ್ಯ ಎಂಬ ತರುಣ ಸಿ. ಮಾರ್ಟಿನ್ ಎಂಬ ಹೆಸರಿನಲ್ಲಿ ಬಟಾವಿಯಾಕ್ಕೆ ಹೋದರು. ಮುಂದೆ ಎಂ. ಎನ್. ರಾಯ್ ಎಂದು ಜಗತ್ತಿಗೆಲ್ಲ ಪರಿಚಿತರಾದವರು ಇವರೇ. ಅಲ್ಲಿನ ಜರ್ಮನ್ ಕಾನ್ಸಲ್ ಅವರನ್ನು ಹೆಲ್ಫೆರಿಶ್‌ಗೆ ಪರಿಚಯಿಸಿದ. ‘ಮ್ಯಾವರಿಕ್’ ಎಂಬ ಹಡಗಿನಲ್ಲಿ ಬರುವ ಬಂದೂಕುಗಳನ್ನು ಸುಂದರಬನದ ರಾಯಮಂಗಲದಲ್ಲಿ ಇಳಿಸುವುದೆಂದು ಮಾತಾಯಿತು. ವ್ಯವಹಾರ ಲಾಭಕರವಾಗಿದೆ ಎಂಬರ್ಥದ ವ್ಯಾಪಾರಿ ಭಾಷೆಯ ತಂತಿ ಬಟಾವಿಯಾದಿಂದ ಕಲ್ಕತ್ತೆಯ ಅಂಗಡಿಗೆ ಬಂತು. ಜೂನ್‌ನಲ್ಲಿ ಅಂಗಡಿ ಹಣ ಕೇಳಿ ತಂತಿ ಕಳಿಸಿತು. ಹಣ ಬರತೊಡಗಿತು.

ಮ್ಯಾವರಿಕ್ ಕೂಡ ಒಂದು ಮುಸುಕೇ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹಳೆಯ ಎಣ್ಣೆ ಹಡಗನ್ನು ಜೆಬ್ಸನ್ ಎಂಬ ಜರ್ಮನ್ ಹಡಗು ವ್ಯವಹಾರಸ್ಥರ ಮೂಲಕ ಕೊಂಡಿದ್ದರು. ಏಪ್ರಿಲ್ 22ರಂದು ಅದು ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಿಂದ ಸರಕಿಲ್ಲದೆ ಹೊರಟಿತು. ಬಡಿಸುವ ಆಳುಗಳೆಂದು ಸಹಿ ಹಾಕಿದ ಐವರು ‘ಪರ್ಷಿಯನ್ನರು’ ಅದರಲ್ಲಿದ್ದರು. ಐವರೂ ಭಾರತೀಯರು. ಅವರ ಜೊತೆ ಅಮೆರಿಕದಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಗದರ್ ಪಕ್ಷದ ಕರಪತ್ರಗಳ ಕಟ್ಟುಗಳು. ಸೊಕೊರೊ ದ್ವೀಪದ ಬಳಿ ‘ಆನಿ ಲಾರ್ಸನ್’ ಎಂಬ ಹಾಯಿಹಡಗಿನಿಂದ ಅದು ಬಂದೂಕು ತುಂಬಿಕೊಳ್ಳಬೇಕಿತ್ತು. ಎರಡೂ ಹಡಗುಗಳ ಭೇಟಿ ಆಗಲೇ ಇಲ್ಲ. ಆನಿ ಲಾರ್ಸನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಂದರಿಗೆ ಬಂದು ಜಪ್ತಿಯಾಯಿತು. ಮ್ಯಾವರಿಕ್ ಜಾವಾಕ್ಕೆ ಬರಿಗೈಯಲ್ಲಿ ತಲುಪಿತು. ರಾಯಮಂಗಲದಲ್ಲಿ ಕಾಯುತ್ತಿದ್ದವರು ಕಾದದ್ದೇ ಬಂತು.

ಆಗಸ್ಟ್ 7ರಂದು ಪೊಲೀಸರು ಸುಳಿವಿನ ಮೇಲೆ ಹ್ಯಾರಿ ಅಂಡ್ ಸನ್ಸ್ ಮೇಲೆ ದಾಳಿ ಮಾಡಿದರು. ಅಧಿಕಾರಿಗಳಿಗೆ ವಿಷಯ ತಿಳಿಯುವ ಹೊತ್ತಿಗೆ 43,000ದಲ್ಲಿ 33,000 ರೂಪಾಯಿ ಕ್ರಾಂತಿಕಾರಿಗಳ ಕೈ ಸೇರಿತ್ತು. ಬಾಲಸೋರಿನಲ್ಲಿ ‘ಯೂನಿವರ್ಸಲ್ ಎಂಪೋರಿಯಂ’ ಎಂಬ ಶಾಖೆ ಇತ್ತು. ಸೆಪ್ಟೆಂಬರ್ ಮೊದಲ ವಾರ ಅದರ ಶೋಧನೆಯಾಯಿತು. ಅಲ್ಲಿಂದ 20 ಮೈಲಿ ದೂರದ ಕಪ್ತಿಪದದ ಅಡಗುತಾಣದಲ್ಲಿ ಸುಂದರಬನದ ನಕ್ಷೆಯೂ ಮ್ಯಾವರಿಕ್ ಬಗ್ಗೆ ಪೆನಾಂಗ್ ಪತ್ರಿಕೆಯೊಂದರ ತುಣುಕೂ ಸಿಕ್ಕಿದವು. ಬಾಘಾ ಜತಿನ್ ಎಂದೇ ಹೆಸರಾದ ಜುಗಾಂತರದ ನಾಯಕ ಜತೀಂದ್ರನಾಥ ಮುಖರ್ಜಿ ಮತ್ತು ನಾಲ್ವರು ಸಂಗಾತಿಗಳು ಪೊಲೀಸರಿಗೆ ಎದುರಾಗಿ ಕಾದಾಡಿದ್ದು ಅದರ ಬೆನ್ನಿಗೇ, ಸೆಪ್ಟೆಂಬರ್ 9ರಂದು. ಜತಿನ್ ಉಳಿಯಲಿಲ್ಲ.

ಸುಳಿವು ಯಾರು ಕೊಟ್ಟರು ಎಂಬ ಚರ್ಚೆಗಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು. ಕ್ರಾಂತಿಕಾರಿ ಸಂಚುಗಳ ತನಿಖೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ರೌಲಟ್ ಸಮಿತಿಯ 1918ರ ವರದಿ ಹ್ಯಾರಿ ಅಂಡ್ ಸನ್ಸನ್ನು ಹುಸಿ ವ್ಯಾಪಾರ ಎಂದೇ ಕರೆಯುತ್ತದೆ. ಬಟಾವಿಯಾದಿಂದ ಹಣ ಬಂತು, ಅದಕ್ಕೆ ಪ್ರತಿಯಾಗಿ ಏನು ಹೋಯಿತು? ಚೀಲವೋ ಅಕ್ಕಿಯೋ ಹೋಗಿದ್ದರೆ ಪೊಲೀಸರ ಮುಂದೆ ಇಡಲು ಕಾಗದವಿರುತ್ತಿತ್ತು. ಧೈರ್ಯದಲ್ಲಿ ಆ ತರುಣರಿಗೆ ಸರಿಸಾಟಿ ಇರಲಿಲ್ಲ. ವ್ಯಾಪಾರ ಮಾಡಲು ಅವರಿಗೆ ಸಮಯವೂ ಇರಲಿಲ್ಲ, ಬಹುಶಃ ಮನಸ್ಸೂ ಇರಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ಪಕ್ಕದ ಗೋವೆಗೂ ಬಂದಿದೆ. ಅದು ಆಗ ಪೋರ್ಚುಗೀಸರದು. 1915ರ ಡಿಸೆಂಬರ್ 27ರಂದು ಅಲ್ಲಿಂದ ಮಾರ್ಟಿನ್‌ಗೆ, ಸುದ್ದಿಯಿಲ್ಲದೆ ಆತಂಕವಾಗಿದೆ ಎಂಬ ತಂತಿ ಹೋಯಿತು, ಚಾಟರ್ಟನ್ ಎಂಬ ಇಂಗ್ಲಿಷ್ ಹೆಸರಿನಲ್ಲಿ. ವಿಚಾರಣೆಯಲ್ಲಿ ಇಬ್ಬರು ಬಂಗಾಳಿಗಳು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬರಾದ ಭೋಲಾನಾಥ ಚಟರ್ಜಿ ಮರುತಿಂಗಳು ಪುಣೆಯ ಜೈಲಿನಲ್ಲಿ ಪ್ರಾಣ ಕಳೆದುಕೊಂಡರು.

ಹ್ಯಾರಿ ಅಂಡ್ ಸನ್ಸ್‌ಗೆ ತದ್ವಿರುದ್ಧವಾದ ಅಂಗಡಿಯನ್ನು ನೋಡಬೇಕಾದರೆ ಎರಡನೇ ಮಹಾಯುದ್ಧದ ಬ್ರಸೆಲ್ಸಿಗೆ, ಪ್ಯಾರಿಸಿಗೆ ಹೋಗಬೇಕು. ಪೋಲೆಂಡಿನ ಯಹೂದಿ ಲಿಯೊಪೋಲ್ಡ್ ಟ್ರೆಪರ್ ಸೋವಿಯತ್ ಸೇನಾ ಗುಪ್ತಚರ ವಿಭಾಗದವನು. ಆಡಂ ಮಿಕ್ಲರ್ ಎಂಬ ಕೆನಡಾದ ವ್ಯಾಪಾರಿಯಾಗಿ 1939ರಲ್ಲಿ ಬ್ರಸೆಲ್ಸಿನಲ್ಲಿ ನೆಲೆಸಿದ. ಮೊದಲು ಹೂಡಿದ್ದು ಮಳೆಕೋಟು ರಫ್ತಿನ ಕಂಪನಿ. ಜೊತೆಗಿದ್ದ ಲಿಯೊನ್ ಗ್ರೋಸ್‌ಫೋಗೆಲ್ ಆ ಸರಕನ್ನು ಚೆನ್ನಾಗಿ ಬಲ್ಲವನು. ಬಂದರು ಊರುಗಳಲ್ಲಿ ಶಾಖೆ ತೆರೆದು ಅಲ್ಲಿಂದ ಸುದ್ದಿ ತರಿಸುವುದು ಯೋಜನೆ. 1940ರ ಮೇನಲ್ಲಿ ಜರ್ಮನರು ಬೆಲ್ಜಿಯಂ ಹಿಡಿದರು, ಮಳೆಕೋಟಿನ ಆಟ ಮುಗಿಯಿತು.

1941ರಲ್ಲಿ ಟ್ರೆಪರ್ ಮತ್ತೆ ಎರಡು ಕಂಪನಿ ಕಟ್ಟಿಸಿದ: ಪ್ಯಾರಿಸಿನಲ್ಲಿ ‘ಸಿಮೆಕ್ಸ್’, ಬ್ರಸೆಲ್ಸಿನಲ್ಲಿ ‘ಸಿಮೆಕ್ಸ್‌ಕೊ’. ಕಾಳಸಂತೆಯಲ್ಲಿ ಸರಕು ಕೊಂಡು ದೊಡ್ಡ ಗಿರಾಕಿಗೆ ಮಾರುವುದು ಕೆಲಸ. ಗಿರಾಕಿ ಯಾರು? ಆರ್ಗನೈಜೇಷನ್ ಟೋಟ್, ಅಂದರೆ ಹಿಟ್ಲರನ ಕೋಟೆಕೊತ್ತಲ ರಸ್ತೆಗಳನ್ನೆಲ್ಲ ಕಟ್ಟುತ್ತಿದ್ದ ಸಂಸ್ಥೆ. ಸರಬರಾಜುದಾರರೆಂದು ಜರ್ಮನರೇ ಓಡಾಟದ ಪರವಾನಗಿ ಕೊಟ್ಟರು. ಎಲ್ಲಿ ಏನು ಕಟ್ಟುತ್ತಿದ್ದಾರೆ ಎಂಬುದು ಕಟ್ಟುವವರ ಬಾಯಿಂದಲೇ ತಿಳಿಯುತ್ತಿತ್ತು. ಮೇಲಿಂದ ಲಾಭ. ಜರ್ಮನ್ ವಿರೋಧಿ ಜಾಲಕ್ಕೆ ಜರ್ಮನ್ ಖಜಾನೆಯಿಂದಲೇ ಸಂಬಳ! ಇಲ್ಲಿ ಹಣ ಗಡಿ ದಾಟುವ ಪ್ರಶ್ನೆಯೇ ಏಳಲಿಲ್ಲ, ಬೇಕಾದಲ್ಲೇ ಹುಟ್ಟಿತು.

ಈ ಕಂಪನಿಗಳು ಲೆಕ್ಕದಲ್ಲಿ ಎಡವಲಿಲ್ಲ. ಜಾಲ ಹರಿದದ್ದು ರೇಡಿಯೊದಿಂದ. 1941ರ ಡಿಸೆಂಬರ್‌ನಲ್ಲಿ ಜರ್ಮನರು ಬ್ರಸೆಲ್ಸಿನ ಒಂದು ಮನೆಯಿಂದ ಹೊರಡುತ್ತಿದ್ದ ಸಂಕೇತಗಳ ದಿಕ್ಕು ಹಿಡಿದು ದಾಳಿ ಮಾಡಿದರು. ಮುಂದೆ ಸೆರೆಸಿಕ್ಕವರ ಬಾಯಿಂದ ಕಂಪನಿಗಳ ಗುಟ್ಟು ಹೊರಬಿತ್ತು. 1942ರ ನವೆಂಬರ್ 24ರಂದು ಟ್ರೆಪರ್ ಸಿಕ್ಕಿದ್ದು ದಂತವೈದ್ಯನ ಕುರ್ಚಿಯಲ್ಲಿ.

“ಹಾಗಿದ್ದರೆ ಕಂಪನಿಯ ನೌಕರರೆಲ್ಲ ಬೇಹುಗಾರರೇ?” ಇದು ಎರಡನೇ ತಪ್ಪು ತಿಳಿವಳಿಕೆ. ಅಲ್ಲ. ಮುಸುಕು ಗಟ್ಟಿಯಾಗಿರಬೇಕಾದರೆ ಒಳಗಿರುವ ಬಹುಪಾಲು ಜನಕ್ಕೆ ಏನೂ ಗೊತ್ತಿರಬಾರದು. ಗುಮಾಸ್ತ ನಿಜವಾದ ಗುಮಾಸ್ತನಂತೆ ಕಾಣುವುದು ಅವನು ನಿಜವಾಗಿಯೂ ಗುಮಾಸ್ತನೇ ಆಗಿರುವುದರಿಂದ. ಬೆಲೆ ತೆರುವಾಗ ಮಾತ್ರ ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ಭೇದ ಉಳಿಯಲಿಲ್ಲ. ಸಿಮೆಕ್ಸ್ ನಿರ್ದೇಶಕ ಆಲ್ಫ್ರೆಡ್ ಕೊರ್ಬೆನ್‌ಗೆ 1943ರಲ್ಲಿ ಮರಣದಂಡನೆಯಾಯಿತು. ವ್ಯಾಪಾರವೆಂದೇ ನಂಬಿ ಪಾಲು ಹಾಕಿದ್ದ ಬ್ರಸೆಲ್ಸಿನ ಜನರೂ ಸೆರೆಯಾದರು, ಕೆಲವರು ನಾಜಿ ಶಿಬಿರಗಳಿಂದ ಮರಳಲಿಲ್ಲ. ಬೇಹುಗಾರಿಕೆಯ ರೋಚಕ ಪುಸ್ತಕಗಳು ಈ ಪುಟವನ್ನು ಬೇಗ ಮಗುಚುತ್ತವೆ. ಅದು ನ್ಯಾಯವಲ್ಲ.

ಲಾಭದ ಮಾತು ಬಂದಾಗ ವಾಲ್ಟರ್ ಫ್ಲೆಚರ್‌ನನ್ನು ಬಿಡುವಂತಿಲ್ಲ. ಈ ರಬ್ಬರ್ ವ್ಯಾಪಾರಿ ಬ್ರಿಟಿಷರ ಗುಪ್ತ ಕಾರ್ಯಾಚರಣೆ ಸಂಸ್ಥೆ ಎಸ್‌ಒಇ ಸೇರಿದ. ಜಪಾನಿಯರ ಹಿಡಿತದಲ್ಲಿದ್ದ ಪ್ರದೇಶದಿಂದ ರಬ್ಬರ್ ಕದ್ದು ತರುವ ಅವನ ಯೋಜನೆ ಕೈಕೊಟ್ಟಿತು. ಆಮೇಲೆ ಚೀನಾದ ಕುನ್ಮಿಂಗ್‌ನಲ್ಲಿ ಕುಳಿತು ‘ರಿಮೋರ್ಸ್’ ಎಂಬ ಕಾರ್ಯಾಚರಣೆ ನಡೆಸಿದ. ಚೀನೀ ನಾಣ್ಯಕ್ಕೆ ಸರ್ಕಾರಿ ದರವೊಂದು, ಕಾಳಸಂತೆಯ ದರ ಇನ್ನೊಂದು, ನಡುವೆ ಭಾರಿ ಅಂತರ. ಭಾರತದ ರೂಪಾಯಿ, ವಜ್ರ, ಗಡಿಯಾರಗಳನ್ನು ಕಾಳಸಂತೆಗೆ ಬಿಟ್ಟು ಚೀನಾದಲ್ಲಿದ್ದ ಬ್ರಿಟಿಷ್ ಕಚೇರಿಗಳ ಖರ್ಚಿಗೆ ಸ್ಥಳೀಯ ಹಣ ಹುಟ್ಟಿಸಿದ. ಯುದ್ಧ ಮುಗಿದಾಗ ಲಾಭವನ್ನು ಸುಮಾರು 7.7 ಕೋಟಿ ಪೌಂಡ್ ಎಂದು ಅಂದಾಜಿಸಿದರು.

ಎಲ್ಲರೂ ಹೀಗೆ ಲೆಕ್ಕದಲ್ಲಿ ಚುರುಕಲ್ಲ. 1986ರಲ್ಲಿ, ಅಮೆರಿಕ ಬೆಂಬಲಿಸುತ್ತಿದ್ದ ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆಂದು ಬ್ರೂನೈ ಸುಲ್ತಾನ 1 ಕೋಟಿ ಡಾಲರ್ ಕೊಟ್ಟ. ಅದು ಪನಾಮಾದಲ್ಲಿ ನೋಂದಣಿಯಾಗಿದ್ದ ‘ಲೇಕ್ ರಿಸೋರ್ಸಸ್’ ಎಂಬ ಮುಸುಕಿನ ಕಂಪನಿಯ ಸ್ವಿಸ್ ಖಾತೆಗೆ ಹೋಗಬೇಕಿತ್ತು. ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಿಬ್ಬಂದಿ ಕೊಟ್ಟ ಖಾತೆ ಸಂಖ್ಯೆಯಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ಹಣ ಯಾರೋ ಅಪರಿಚಿತನ ಖಾತೆಗೆ ಜಮೆಯಾಯಿತು.

ಕನ್ನಡದಲ್ಲಿ ಈ ವಿಷಯದ ಬರವಣಿಗೆ ಕಡಿಮೆ, ಇರುವುದರಲ್ಲಿ ಬಂದೂಕು ಹೆಚ್ಚು, ಬಿಲ್ಲು ಕಡಿಮೆ. ರೌಲಟ್ ವರದಿಯನ್ನು ನಾವು ಅದರಿಂದ ಹುಟ್ಟಿದ 1919ರ ಕರಾಳ ಕಾಯ್ದೆಗಾಗಿ ನೆನೆಯುತ್ತೇವೆ, ಓದುವುದಿಲ್ಲ. ಅದರಲ್ಲಿ ಜರ್ಮನ್ ಸಂಚುಗಳ ಅಧ್ಯಾಯವಿದೆ, ಚಿಕ್ಕದು. ಆಳುವವರು ಬರೆದದ್ದೆಂಬ ಎಚ್ಚರ ಇಟ್ಟುಕೊಂಡೇ ಓದಿ. 1917-18ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಹಿಂದೂ-ಜರ್ಮನ್ ಸಂಚಿನ ಮೊಕದ್ದಮೆಯ ಕಾಗದಗಳಲ್ಲಿ ಹಡಗು ಖರೀದಿಯ, ಹಣ ಸಂದಾಯದ ವಿವರಗಳಿವೆ. ಅವನ್ನು ಇತಿಹಾಸದ ವಿದ್ಯಾರ್ಥಿಗಳಷ್ಟೇ ನೋಡಿದರೆ ಸಾಲದು. ಬಿ.ಕಾಂ. ಓದಿದವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಸುಂಕ ಇಲಾಖೆಯಲ್ಲಿದ್ದವರು ಇತ್ತ ಬರಬೇಕು. ಕಿರ್ದಿ ಓದಬಲ್ಲ ಕಣ್ಣಿಗೆ ಆ ಕಡತಗಳಲ್ಲಿ ಮಾಡಲು ಇನ್ನೂ ಬೇಕಾದಷ್ಟು ಕೆಲಸವಿದೆ.