ಐದಡಿ ಉಳಿಸಿ ಇಳಿದವರು

1955ರ ಮೇ 25ರ ಮಧ್ಯಾಹ್ನ. ಕಾಂಚನಜುಂಗಾದ ನೆತ್ತಿಗೆ ತುಸುವೇ ಕೆಳಗೆ, ಕಡಿದಾದ ಬಂಡೆಯ ಸೀಳೊಂದರಲ್ಲಿ ಮೈತೂರಿಸಿ ಜೋ ಬ್ರೌನ್ ಮೇಲೇರುತ್ತಿದ್ದರು. ಮ್ಯಾಂಚೆಸ್ಟರ್‌ನ ಬ್ರೌನ್ ಬ್ರಿಟನ್ನಿನ ಬಂಡೆಗಳ ಮೇಲೆ ಹೆಸರು ಮಾಡಿದವರು. ಊರಲ್ಲಾಗಿದ್ದರೆ ಇಪ್ಪತ್ತಡಿಯ ಸೀಳು ಅವರಿಗೆ ಲೆಕ್ಕಕ್ಕೇ ಇರುತ್ತಿರಲಿಲ್ಲ. ಎಂಟೂವರೆ ಸಾವಿರ ಮೀಟರ್ ಎತ್ತರದಲ್ಲಿ ಮಾತ್ರ ಒಂದೊಂದು ಹಿಡಿತಕ್ಕೂ ಏದುಸಿರು. ಆಮ್ಲಜನಕದ ಹರಿವನ್ನು ಹೆಚ್ಚಿಸಿಕೊಂಡು ಅವರು ಹತ್ತಿದರು. ಕೆಳಗೆ ಹಗ್ಗ ಹಿಡಿದು ನಿಂತಿದ್ದವರು ಜಾರ್ಜ್ ಬ್ಯಾಂಡ್. ಇಬ್ಬರೂ ಮೇಲೆ ಬಂದು ನೋಡಿದರೆ ಮುಂದೆ ತೊಡಕೇ ಇಲ್ಲ. ಇಪ್ಪತ್ತಡಿ ಆಚೆ, ಅವರು ನಿಂತ ಜಾಗಕ್ಕಿಂತ ಐದಡಿಯಷ್ಟೇ ಎತ್ತರದಲ್ಲಿ, ಹಿಮ ಹೊದ್ದ ನೆತ್ತಿ.

ಅವರು ಅದನ್ನು ಮುಟ್ಟಲಿಲ್ಲ. ಫೋಟೊ ತೆಗೆದು ಇಳಿದರು. ಮರುದಿನ ಅದೇ ತಂಡದ ನಾರ್ಮನ್ ಹಾರ್ಡಿ ಮತ್ತು ಟೋನಿ ಸ್ಟ್ರೀದರ್ ಬಂದರು. ಬಂಡೆಯ ಬಳಸಿನಲ್ಲಿ ಹಿಮದ ಸುಲಭ ದಾರಿಯೊಂದು ಅವರಿಗೆ ಸಿಕ್ಕಿತು. ಅವರೂ ನೆತ್ತಿಯ ಕೆಳಗೇ ನಿಂತರು. 8,586 ಮೀಟರ್ ಎತ್ತರದ ಈ ಪರ್ವತ ಜಗತ್ತಿನಲ್ಲಿ ಮೂರನೆಯದು. ಅದನ್ನು ಮೊದಲು ಹತ್ತಿದವರು ಅದರ ತುದಿಯನ್ನು ತುಳಿಯದೆ ಬಿಟ್ಟರು.

ಹಿಮಪರ್ವತದ ಎದುರು ನಿಂತವರಿಗೆ ಹತ್ತಬೇಕೋ, ಕೆಳಗಿನಿಂದಲೇ ಕಣ್ತುಂಬಿಕೊಂಡರೆ ಸಾಕೋ ಎಂಬ ಪ್ರಶ್ನೆ ಏಳುತ್ತದೆ. ಮೈಯಲ್ಲಿ ಕಸುವಿದೆಯೇ, ಕೈಯಲ್ಲಿ ಹಣವಿದೆಯೇ, ಹವೆ ಕೂಡಿಬರುತ್ತದೆಯೇ ಎಂದು ನಾವು ಲೆಕ್ಕ ಹಾಕುತ್ತೇವೆ. ಕಾಂಚನಜುಂಗಾದ ಚರಿತ್ರೆ ಆ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಿತು: ಬೆಟ್ಟದ ಬುಡದಲ್ಲಿ ಬಾಳುವವರು ಏನನ್ನುತ್ತಾರೆ?

ಆ ಜನರಿಗೆ ಕಾಂಚನಜುಂಗಾ ಬರಿಯ ಶಿಖರವಲ್ಲ. ಸಿಕ್ಕಿಮ್‌ನ ಮೂಲನಿವಾಸಿಗಳಾದ ಲೆಪ್ಚಾ ಜನರ ಪುರಾಣದ ಪ್ರಕಾರ, ಸೃಷ್ಟಿಕರ್ತೆ ಇತ್ಬು-ಮೂ ಮೊದಲ ಗಂಡು ಹೆಣ್ಣನ್ನು ರೂಪಿಸಿದ್ದು ಈ ಬೆಟ್ಟದ ಹಿಮದಿಂದ. ಭುಟಿಯಾ ಬೌದ್ಧರಿಗೆ ಅದು ನಾಡು ಕಾಯುವ ದೇವತೆಯ ನೆಲೆ. ಐದು ಶಿಖರಗಳಲ್ಲಿ ಐದು ನಿಧಿಗಳಿವೆ ಎಂಬ ನಂಬಿಕೆ. ಲೆಪ್ಚಾ ಮುಖಂಡ ಥೆಕಾಂಗ್ ತೆಕ್ ಮತ್ತು ಭುಟಿಯಾ ರಾಜವಂಶದ ಮೂಲಪುರುಷ ಖ್ಯೆ ಬುಮ್ಸಾ ಕಾಬಿ ಲುಂಗ್‌ಚೋಕ್‌ನಲ್ಲಿ ರಕ್ತಸಾಕ್ಷಿಯಾಗಿ ಅಣ್ಣತಮ್ಮಂದಿರಾದಾಗ ಈ ಬೆಟ್ಟವನ್ನೇ ಸಾಕ್ಷಿಗೆ ಕರೆದರಂತೆ. ವರ್ಷಕ್ಕೊಮ್ಮೆ ಬರುವ ಪಾಂಗ್ ಲಾಬ್ಸೋಲ್ ಹಬ್ಬದಲ್ಲಿ ಸಿಕ್ಕಿಮ್ ಈಗಲೂ ಆ ಆಣೆಯನ್ನು ನೆನೆಯುತ್ತದೆ. ಮುಖವಾಡ ತೊಟ್ಟ ಕುಣಿತದಲ್ಲಿ ಬೆಟ್ಟದ ದೇವತೆಯೇ ಅಂಗಳಕ್ಕಿಳಿಯುತ್ತದೆ. ಇಂಥ ಸಾಕ್ಷಿಯ ತಲೆಯ ಮೇಲೆ ಕಾಲಿಡುವುದೆಂದರೆ ಅವರಿಗೆ ಹೇಗನ್ನಿಸೀತು ಎಂದು ಊಹಿಸುವುದು ಕಷ್ಟವಲ್ಲ.

ಹೊರಗಿನವರು ಈ ಬೆಟ್ಟವನ್ನು ಕಂಡ ಬಗೆಯೇ ಬೇರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಎವರೆಸ್ಟ್‌ನ ಲೆಕ್ಕ ಹೊರಬೀಳುವ ತನಕ ಜಗತ್ತಿನಲ್ಲೇ ಎತ್ತರದ ಪರ್ವತ ಇದೆಂದು ತಿಳಿದಿದ್ದರು. 1899ರಲ್ಲಿ ಡಗ್ಲಸ್ ಫ್ರೆಶ್‌ಫೀಲ್ಡ್ ಅದನ್ನು ಸುತ್ತುಹಾಕಿದರು. ಜೊತೆಗಿದ್ದ ಇಟಲಿಯ ವಿಟ್ಟೋರಿಯೊ ಸೆಲ್ಲಾ ಭಾರವಾದ ಕ್ಯಾಮೆರಾ ಹೊರಿಸಿಕೊಂಡು ಹೋಗಿ ಹಿಮನದಿಗಳನ್ನೂ ಗೋಡೆಗಳನ್ನೂ ಸೆರೆಹಿಡಿದರು. ಫ್ರೆಶ್‌ಫೀಲ್ಡ್ ತುದಿಗೆ ಹೋಗಲಿಲ್ಲ, ಪ್ರದಕ್ಷಿಣೆ ಹಾಕಿದರು. ಆದರೂ ಆ ಪರ್ವತದ ಬಗ್ಗೆ ಮುಂದಿನವರಿಗೆ ಹೆಚ್ಚಿನ ತಿಳಿವಳಿಕೆ ಕೊಟ್ಟದ್ದು ಆ ಪ್ರಯಾಣವೇ. ಕೆಳಗಿನಿಂದ ನೋಡುವುದೂ ದುಡಿಮೆ ಬೇಡುವ ಕೆಲಸ ಎಂಬುದಕ್ಕೆ ಸೆಲ್ಲಾರ ಚಿತ್ರಗಳೇ ರುಜುವಾತು.

ಹತ್ತಲು ಹೊರಟವರಿಗೆ ಬೆಟ್ಟ ಬಗ್ಗಲಿಲ್ಲ. ಹಿಮಾಲಯದ ಪೂರ್ವಭಾಗದಲ್ಲಿರುವ ಕಾರಣ ಬಂಗಾಳಕೊಲ್ಲಿಯ ಮುಂಗಾರು ಕಾಂಚನಜುಂಗಾಕ್ಕೆ ಬೇಗ ಬಡಿಯುತ್ತದೆ. ಹಿಮ ಧಾರಾಳವಾಗಿ ಸುರಿಯುತ್ತದೆ, ಹಾಗೆಯೇ ಕುಸಿಯುತ್ತದೆ. 1905ರಲ್ಲಿ ಅಲೀಸ್ಟರ್ ಕ್ರೌಲಿ ಇದ್ದ ತಂಡ ಯಾಲುಂಗ್ ಹಿಮನದಿಯ ಕಡೆಯಿಂದ ಹತ್ತಿದಾಗ ಹಿಮಕುಸಿತದಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಿಸ್ ಪಾಶ್ ಮತ್ತು ಮೂವರು ಹೊರೆಯಾಳುಗಳು ಸತ್ತರು. 1929 ಮತ್ತು 1931ರಲ್ಲಿ ಜರ್ಮನಿಯ ಪೌಲ್ ಬಾವರ್ ಅವರ ತಂಡಗಳು ಸಿಕ್ಕಿಮ್ ಕಡೆಯ ಜೆಮು ಹಿಮನದಿಯಿಂದ ಈಶಾನ್ಯದ ಏಣಿನಲ್ಲಿ ಮೇಲೇರಿದವು. ನೆಟ್ಟಗೆ ನಿಂತ ಹಿಮದ ಗೋಪುರಗಳನ್ನು ಕೊಡಲಿಯಿಂದ ಕಡಿದು ದಾರಿ ಮಾಡಿಕೊಂಡರೂ ತುದಿ ದಕ್ಕಲಿಲ್ಲ. ಎರಡನೆಯ ಸಲ ಹರ್ಮನ್ ಶಾಲರ್ ಮತ್ತು ಪಾಸಾಂಗ್ ಶೆರ್ಪಾ ಜಾರಿಬಿದ್ದು ಜೀವ ಕಳೆದುಕೊಂಡರು. ಈ ಎರಡರ ನಡುವೆ, 1930ರಲ್ಲಿ, ಇನ್ನೊಂದು ತಂಡದ ಚೆತ್ತನ್ ಶೆರ್ಪಾ ಹಿಮದಡಿ ಸಿಕ್ಕಿದರು. ಬೆಟ್ಟದ ಆಸೆ ಯಾರದ್ದೋ. ಪ್ರಾಣ ತೆತ್ತವರಲ್ಲಿ ಹೊರೆ ಹೊತ್ತವರು ಪ್ರತಿ ಸಲವೂ ಇದ್ದರು.

1955ರ ತಂಡದ ನಾಯಕ ಚಾರ್ಲ್ಸ್ ಇವಾನ್ಸ್. ಎರಡು ವರ್ಷ ಹಿಂದೆ ಎವರೆಸ್ಟ್‌ನಲ್ಲಿ ಹಿಲರಿ, ತೇನ್‌ಸಿಂಗ್ ತುದಿ ಮುಟ್ಟುವ ಮೂರು ದಿನ ಮೊದಲು ದಕ್ಷಿಣ ಶಿಖರದವರೆಗೆ ಹೋಗಿ, ಹೊತ್ತು ಮತ್ತು ಆಮ್ಲಜನಕ ಸಾಲದೆಂದು ಟಾಮ್ ಬೋರ್ಡಿಲನ್ ಜೊತೆ ಹಿಂದಿರುಗಿದವರು. ಹಿಂದಿರುಗುವುದರ ಬೆಲೆ ಗೊತ್ತಿದ್ದ ಮನುಷ್ಯ. ಈ ಸಲದ ದಾರಿ ನೇಪಾಳದ ಕಡೆಯಿಂದ. ಆದರೆ ಶಿಖರ ಇರುವುದು ಗಡಿಯ ಮೇಲೆ, ಸಿಕ್ಕಿಮ್ ತಕರಾರು ಎತ್ತಿತ್ತು. ಆಗ ಅಲ್ಲಿ ಆಳುತ್ತಿದ್ದವರು ಚೋಗ್ಯಾಲ್ (ಅರಸ) ತಾಶಿ ನಾಮ್‌ಗ್ಯಾಲ್. ಮಾತುಕತೆ ನಡೆದು ಒಂದು ಒಪ್ಪಂದವಾಯಿತು. ತುದಿ ಮುಟ್ಟಬಲ್ಲೆವೆಂದು ಖಾತ್ರಿಯಾಗುವವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಹೆಜ್ಜೆ ಇಡಕೂಡದು.

ಮೇಲೆ ಕಾವಲಿಗೆ ಯಾರೂ ಇರಲಿಲ್ಲ. ಬ್ರೌನ್ ಮತ್ತು ಬ್ಯಾಂಡ್ ಆ ಇಪ್ಪತ್ತಡಿ ನಡೆದಿದ್ದರೂ ಕೇಳುವವರಿರಲಿಲ್ಲ. ಆ ಮಾತು ಉಳಿದದ್ದು ಇಬ್ಬರ ಮನಸ್ಸಾಕ್ಷಿಯ ಬಲದಿಂದ. ಅರ್ಧ ಶತಮಾನದ ಉದ್ದಕ್ಕೆ ಅಷ್ಟೊಂದು ಜನ ಆಸೆಪಟ್ಟ ಜಾಗದ ಎದುರು ನಿಂತು ಬೇಡವೆನ್ನಲು ಎಂಟೆದೆ ಬೇಕು. ಅದನ್ನು ನಾನು ಸೋಲೆಂದಾಗಲಿ, ಬರಿಯ ಸೌಜನ್ಯವೆಂದಾಗಲಿ ಕರೆಯಲಾರೆ. ಪರ್ವತಾರೋಹಣದ ಚರಿತ್ರೆಯಲ್ಲಿ ಅದಕ್ಕಿಂತ ಎತ್ತರದ ಹೆಜ್ಜೆಯನ್ನು ನಾನು ಓದಿಲ್ಲ.

ಆ ಮಾತು ಕೊಟ್ಟವರಿಗೇ ಮುಗಿಯಲಿಲ್ಲ. 1975ರಲ್ಲಿ ಸಿಕ್ಕಿಮ್ ಭಾರತದ ರಾಜ್ಯವಾಯಿತು, ಚೋಗ್ಯಾಲರ ಆಳ್ವಿಕೆ ಕೊನೆಗೊಂಡಿತು. ಎರಡು ವರ್ಷದ ಬಳಿಕ ಕರ್ನಲ್ ನರೇಂದ್ರ ಕುಮಾರ್ ನೇತೃತ್ವದ ಭಾರತೀಯ ಸೇನೆಯ ತಂಡ ಬಾವರ್‌ಗೆ ಒಲಿಯದ ಈಶಾನ್ಯದ ಏಣನ್ನೇ ಹಿಡಿಯಿತು. 1977ರ ಮೇ 31ರಂದು ಮೇಜರ್ ಪ್ರೇಮ್‌ಚಂದ್ ಮತ್ತು ನಾಯಕ್ ನಿಮಾ ದೋರ್ಜೆ ಶೆರ್ಪಾ ತುದಿಯ ಹತ್ತಿರ ಬಂದರು, ಕೆಳಗೇ ನಿಂತರು. ಮಾತು ಪಡೆದ ಅರಸೊತ್ತಿಗೆ ಇಲ್ಲವಾಗಿತ್ತು, ಮಾತು ಮಾತ್ರ ಊರ್ಜಿತವಾಗಿತ್ತು. 1979ರಲ್ಲಿ ಸಿಲಿಂಡರ್ ಆಮ್ಲಜನಕವಿಲ್ಲದೆ ಉತ್ತರದಿಂದ ಹತ್ತಿದ ಡಗ್ ಸ್ಕಾಟ್, ಪೀಟರ್ ಬೋರ್ಡ್‌ಮನ್, ಜೋ ಟಾಸ್ಕರ್ ಕೂಡ ಅದನ್ನು ಪಾಲಿಸಿದರು. ಆಮೇಲೆ ಬಂದವರೆಲ್ಲ ಹಾಗೆಯೇ ನಡೆದುಕೊಂಡರೆಂದು ಹೇಳಲಾಗದು. ಆದರೂ ಒಂದು ರೂಢಿ ಬೇರುಬಿಟ್ಟಿತು.

ರೂಢಿ ಕಾನೂನಾದದ್ದು ನಂತರದ ಕಥೆ. ಹೊಸ ಶತಮಾನದ ಹೊಸ್ತಿಲಲ್ಲಿ ವಿದೇಶಿ ತಂಡವೊಂದಕ್ಕೆ ಸಿಕ್ಕಿಮ್ ಕಡೆಯಿಂದ ಹತ್ತಲು ಅನುಮತಿ ಸಿಕ್ಕಾಗ ಭಿಕ್ಷುಗಳೂ ಸ್ಥಳೀಯರೂ ಪ್ರತಿಭಟಿಸಿದರು. 2001ರಲ್ಲಿ ಸಿಕ್ಕಿಮ್ ಸರ್ಕಾರ ಕಾಂಚನಜುಂಗಾ ಮತ್ತು ಇತರ ಪವಿತ್ರ ಶಿಖರಗಳ ಆರೋಹಣವನ್ನು ನಿಷೇಧಿಸಿತು. ಆ ಹೊತ್ತಿಗೆ ಇಂಥ ನಿರ್ಧಾರಕ್ಕೆ ಪೂರ್ವನಿದರ್ಶನಗಳಿದ್ದವು. ನೇಪಾಳದ 6,993 ಮೀಟರ್ ಎತ್ತರದ ಮಚ್ಛಪುಚ್ಛ್ರೆಯಲ್ಲಿ 1957ರಲ್ಲಿ ವಿಲ್ಫ್ರಿಡ್ ನಾಯ್ಸ್ ಮತ್ತು ಡೇವಿಡ್ ಕಾಕ್ಸ್ ತುದಿಗೆ ಸುಮಾರು 45 ಮೀಟರ್ ಕೆಳಗಿನಿಂದ ಹಿಂದಿರುಗಿದರು. ಆಮೇಲೆ ಆ ಶಿಖರಕ್ಕೆ ಪರವಾನಗಿಯೇ ನಿಂತಿತು. ಭೂತಾನ್ 1994ರಲ್ಲಿ 6,000 ಮೀಟರ್ ಮೀರಿದ ಶಿಖರಗಳನ್ನು ಮುಚ್ಚಿತು, ಮುಂದೆ 2003ರಲ್ಲಿ ಪರ್ವತಾರೋಹಣವನ್ನೇ ನಿಲ್ಲಿಸಿತು. ಅಲ್ಲಿನ 7,570 ಮೀಟರ್ ಎತ್ತರದ ಗಂಗ್‌ಖರ್ ಪುನ್ಸುಮ್ ಇವತ್ತಿಗೂ ಯಾರೂ ಏರದ ಶಿಖರ.

ಕಾಂಚನಜುಂಗಾದ ನೇಪಾಳದ ಬದಿ ಮಾತ್ರ ಈಗಲೂ ತೆರೆದಿದೆ. ಹತ್ತುವುದನ್ನು ನಂಬಿ ಬದುಕು ಕಟ್ಟಿಕೊಂಡ ಶೆರ್ಪಾ ಕುಟುಂಬಗಳಿವೆ, ಅವರ ಅನ್ನದ ಪ್ರಶ್ನೆ ಸಣ್ಣದಲ್ಲ. ಹಾಗಾಗಿ ಎಲ್ಲ ಶಿಖರಗಳಿಗೂ ಬೀಗ ಜಡಿಯಿರಿ ಎಂದು ವಾದಿಸುವುದು ನ್ಯಾಯವಲ್ಲ. ಆದರೆ ನಿಷೇಧ ಹೇರಿದ ಊರಲ್ಲಿ ದುಡಿಮೆ ಸತ್ತಿದೆಯೇ ಎಂದು ನೋಡಲು ಯುಕ್ಸಮ್‌ಗೆ ಹೋಗಬೇಕು. 1642ರಲ್ಲಿ ಸಿಕ್ಕಿಮ್‌ನ ಮೊದಲ ಚೋಗ್ಯಾಲರಿಗೆ ಪಟ್ಟ ಕಟ್ಟಿದ ಹಳ್ಳಿ ಅದು. ಜೋಂಗ್ರಿ, ಗೋಯೆಚಾ ಲಾ ಕಡೆಗಿನ ಚಾರಣ ಶುರುವಾಗುವುದು ಅಲ್ಲಿಂದಲೇ. ಬೆಂಗಳೂರಿನಿಂದಲೂ ಚಾರಣಿಗರು ಅಲ್ಲಿಗೆ ಹೋಗುತ್ತಾರೆ. ಗೈಡು, ಅಡುಗೆಯವರು, ಹೊರೆ ಹೊರುವ ಜೋಗಳ (ಯಾಕ್ ಮತ್ತು ಹಸುವಿನ ಮಿಶ್ರತಳಿ) ಮಾಲೀಕರು ಈ ದಾರಿಯಿಂದಲೇ ಬದುಕುತ್ತಾರೆ. ಊರವರೇ 1996ರಲ್ಲಿ ಕಟ್ಟಿಕೊಂಡ ಕಾಂಚನಜುಂಗಾ ಸಂರಕ್ಷಣಾ ಸಮಿತಿ ಚಾರಣದ ಹಾದಿಯ ಕಸದ ಮೇಲೆ ಕಣ್ಣಿಟ್ಟಿದೆ. ಇದೇ ಊರಿನ ಹತ್ತಿರ ರಾಥೋಂಗ್ ಚು ಹೊಳೆಗೆ ಬರಲಿದ್ದ ಜಲವಿದ್ಯುತ್ ಯೋಜನೆ, ಪವಿತ್ರ ನೆಲ ಹಾಳಾಗುತ್ತದೆಂಬ ಜನರ ವಿರೋಧದಿಂದ 1997ರಲ್ಲಿ ನಿಂತಿತು. 2016ರಲ್ಲಿ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ ಯುನೆಸ್ಕೊ ಪಟ್ಟಿ ಸೇರಿತು. ನಿಸರ್ಗ ಮತ್ತು ಸಂಸ್ಕೃತಿ ಎರಡಕ್ಕೂ ಒಟ್ಟಿಗೆ ಆ ಮನ್ನಣೆ ಪಡೆದ ಭಾರತದ ಮೊದಲ ತಾಣ ಅದು.

ಕೆಳಗಿನವರ ಮಾತಿಗೆ ಏಕಿಷ್ಟು ತೂಕ? ಹಿಮನದಿಯ ನೀರು ಕುಡಿಯುವವರು ಅವರು, ಅದು ಮುನಿದಾಗ ಕೊಚ್ಚಿಹೋಗುವವರೂ ಅವರೇ. 2023ರ ಅಕ್ಟೋಬರ್ 4ರಂದು ಉತ್ತರ ಸಿಕ್ಕಿಮ್‌ನ ದಕ್ಷಿಣ ಲೋನಾಕ್ ಹಿಮಸರೋವರ ಒಡೆದು ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು, ತೀಸ್ತಾ ಕಣಿವೆಯ ಮನೆಮಾರುಗಳು ನೀರುಪಾಲಾದವು. ಹತ್ತುವವರಿಗೆ ಬೆಟ್ಟ ಕೆಲವು ವಾರಗಳ ಮಾತು. ಅಲ್ಲಿಯವರಿಗೆ ತಲೆತಲಾಂತರದ ಬಾಳು.

ಆದ್ದರಿಂದ ಹಿಮಪರ್ವತಕ್ಕೆ ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ಹೋಗಿ, ಖಂಡಿತ ಹೋಗಿ. ಬೂಟು, ಹಗ್ಗ, ಪರವಾನಗಿಗಳ ಪಟ್ಟಿ ಬರೆಯುವಾಗ ಆ ಊರಿನವರು ಯಾವುದನ್ನು ಪೂಜಿಸುತ್ತಾರೆ, ಎಲ್ಲಿಯವರೆಗೆ ಹೋಗುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ. ಬ್ರೌನ್ ಮತ್ತು ಬ್ಯಾಂಡ್ ಹಾಗೆ ನಿಂತದ್ದರಿಂದ ಅವರ ಸಾಧನೆಯಲ್ಲಿ ಒಂದಂಗುಲವೂ ಕಡಿಮೆಯಾಗಲಿಲ್ಲ.